ಮನೆಯ ಮೌಲ್ಯ ಇಮ್ಮಡಿಯಾದರೆ ತೆರಿಗೆಯೂ ಇಮ್ಮಡಿಯಾಗುವುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಆಸ್ತಿ ತೆರಿಗೆಯನ್ನು ನಿಗದಿ ಮಾಡುವ ಸಲುವಾಗಿ ಸ್ಥಳೀಯ ಸಂಸ್ಥೆಗಳು ಆಗಾಗ ನಡೆಸುವ ಮರುಮೌಲ್ಯಮಾಪನದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದೇ ಅರ್ಥ ಬರುವ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ. ನಿಯಮಗಳು ದೇಶದಿಂದ ದೇಶಕ್ಕೆ, ಕೆಲವೆಡೆ ಊರಿನಿಂದ ಊರಿಗೆ ಬದಲಾಗುತ್ತವೆ. ಆದ್ದರಿಂದ ಎಲ್ಲ ಕಡೆಗೂ ಸಲ್ಲುವ ತತ್ವವನ್ನು ಮೊದಲು ಹೇಳಿ, ಅದು ಸ್ಪಷ್ಟವಾಗಲು ಬೇಕಾದಷ್ಟು ಮಾತ್ರ ನಿರ್ದಿಷ್ಟ ಸ್ಥಳಗಳ ಉದಾಹರಣೆಗಳನ್ನು ಕೊಟ್ಟಿದ್ದೇನೆ.

ಪ್ರಶ್ನೆ: ಹತ್ತು ವರ್ಷಗಳ ನಂತರ ನಮ್ಮ ಮನೆಯ ಮೌಲ್ಯವನ್ನು ಹೊಸದಾಗಿ ನಿಗದಿ ಮಾಡಿ ನೋಟಿಸು ಕಳುಹಿಸಿದ್ದಾರೆ. ಅದು ಹಳೆಯ ಮೌಲ್ಯದ ಸರಿಯಾಗಿ ಎರಡು ಪಟ್ಟು ಇದೆ. ಬರುವ ವರ್ಷದಿಂದ ತೆರಿಗೆಯನ್ನೂ ಎರಡು ಪಟ್ಟು ಕಟ್ಟಬೇಕೇ?

ಉತ್ತರ: ಕಟ್ಟಬೇಕಾಗಿ ಬರಲೇಬೇಕೆಂದಿಲ್ಲ. ನಿಮ್ಮ ತೆರಿಗೆ ಕಡಿಮೆಯಾಗುವ ಸಾಧ್ಯತೆಯೂ ಇದೆ. ಇದನ್ನು ತಿಳಿಯಲು ಮೌಲ್ಯ ಮತ್ತು ದರ ಎಂಬ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಮೌಲ್ಯವನ್ನು ನಿಗದಿ ಮಾಡುವವರು ಮೌಲ್ಯಮಾಪಕರು. ದರವನ್ನು ನಿಗದಿ ಮಾಡುವವರು ಆಯವ್ಯಯವನ್ನು ಮಂಜೂರು ಮಾಡುವ ಚುನಾಯಿತ ಸದಸ್ಯರು. ತೆರಿಗೆಯೆಂಬುದು ಈ ಎರಡರ ಗುಣಲಬ್ಧ. ಒಂದು ಏರಿದಾಗ ಇನ್ನೊಂದು ಇಳಿದರೆ ಗುಣಲಬ್ಧ ಇದ್ದಲ್ಲಿಯೇ ಇರುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಒಂದು ಊರಿನಲ್ಲಿ ಮೂರು ಬಡಾವಣೆಗಳಿವೆ ಎಂದುಕೊಳ್ಳಿ: ಹೊಸ ರೈಲು ನಿಲ್ದಾಣದ ಪಕ್ಕದ್ದು ಒಂದು, ಊರ ನಡುವಿನದು ಒಂದು, ಮುಚ್ಚಿಹೋದ ಕಾರ್ಖಾನೆಯ ಹಿಂದಿನದು ಒಂದು. ಹತ್ತು ವರ್ಷಗಳ ಹಿಂದೆ ಮೂರರ ಮೌಲ್ಯವೂ ತಲಾ 20,000 ನಾಣ್ಯ, ಒಟ್ಟು 60,000. ಊರಿನ ಖರ್ಚಿಗೆ ಆಸ್ತಿ ತೆರಿಗೆಯಿಂದ 600 ನಾಣ್ಯ ಬೇಕಿತ್ತು. ಆದ್ದರಿಂದ ದರ ಶೇ. 1 ಎಂದಾಯಿತು, ಪ್ರತಿಯೊಂದು ಬಡಾವಣೆಯೂ 200 ನಾಣ್ಯ ಕಟ್ಟಿತು. ಈಗ ಮರುಮೌಲ್ಯಮಾಪನವಾಗಿದೆ. ನಿಲ್ದಾಣದ ಬಡಾವಣೆಯ ಮೌಲ್ಯ ಮೂರು ಪಟ್ಟಾಗಿ 60,000ಕ್ಕೆ, ಊರ ನಡುವಿನದು ಎರಡು ಪಟ್ಟಾಗಿ 40,000ಕ್ಕೆ ಏರಿದೆ. ಕಾರ್ಖಾನೆಯ ಹಿಂದಿನದು 20,000ದಲ್ಲೇ ನಿಂತಿದೆ. ಒಟ್ಟು ಮೌಲ್ಯ 1,20,000. ಊರಿಗೆ ಬೇಕಾಗಿರುವುದು ಅದೇ 600 ನಾಣ್ಯವಾದರೆ ದರ ಶೇ. 0.5ಕ್ಕೆ ಇಳಿಯುತ್ತದೆ. ಆಗ ನಿಲ್ದಾಣದ ಬಡಾವಣೆ 300, ಊರ ನಡುವಿನದು 200, ಕಾರ್ಖಾನೆಯ ಹಿಂದಿನದು 100 ನಾಣ್ಯ ಕಟ್ಟುತ್ತವೆ. ನಿಮ್ಮ ಮನೆ ಊರ ನಡುವಿನ ಬಡಾವಣೆಯಲ್ಲಿದ್ದರೆ ಮೌಲ್ಯ ಇಮ್ಮಡಿಯಾಗಿಯೂ ತೆರಿಗೆ ಒಂದು ನಾಣ್ಯದಷ್ಟೂ ಬದಲಾಗಲಿಲ್ಲ.

ಹೀಗಾಗಿ ನೋಟಿಸು ಬಂದಾಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ "ನನ್ನ ಮೌಲ್ಯ ಎಷ್ಟು ಏರಿತು" ಎಂಬುದಲ್ಲ. "ಊರಿನ ಸರಾಸರಿಗೆ ಹೋಲಿಸಿದರೆ ನನ್ನ ಮೌಲ್ಯ ಎಷ್ಟು ಏರಿತು" ಎಂಬುದು. ಸರಾಸರಿಗಿಂತ ಹೆಚ್ಚು ಏರಿದವರ ಪಾಲು ಹೆಚ್ಚುತ್ತದೆ, ಕಡಿಮೆ ಏರಿದವರ ಪಾಲು ತಗ್ಗುತ್ತದೆ. ಮರುಮೌಲ್ಯಮಾಪನದ ಕೆಲಸ ಹೊರೆಯನ್ನು ಹೆಚ್ಚಿಸುವುದಲ್ಲ, ಇರುವ ಹೊರೆಯನ್ನು ಹೊಸದಾಗಿ ಹಂಚುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೇಲಿನ ಲೆಕ್ಕ ನಡೆಯುವುದು, ಮೊದಲು ಬೇಕಾದ ಮೊತ್ತವನ್ನು ನಿಗದಿ ಮಾಡಿ ನಂತರ ದರವನ್ನು ಲೆಕ್ಕ ಹಾಕುವ ಕಡೆಗಳಲ್ಲಿ. ದರವನ್ನೇ ಕಾನೂನಿನಲ್ಲಿ ಸ್ಥಿರವಾಗಿ ಬರೆದಿಟ್ಟಿರುವ ಕಡೆ ಮೌಲ್ಯ ಏರಿದಷ್ಟೂ ತೆರಿಗೆ ತಾನಾಗಿಯೇ ಏರುತ್ತದೆ. ಅಂಥ ಕಡೆ ಸದಸ್ಯರು ಕೈಯೆತ್ತಿ ಮತ ಹಾಕದೆಯೇ ತೆರಿಗೆ ಹೆಚ್ಚಿದಂತಾಗುತ್ತದೆ. ಜನರ ಸಿಟ್ಟು ಪೂರ್ತಿಯಾಗಿ ಮೌಲ್ಯಮಾಪಕನ ಮೇಲೆ ಬೀಳುತ್ತದೆ. ಇದನ್ನು ತಪ್ಪಿಸಲು ಅಮೆರಿಕದ ಟೆಕ್ಸಾಸ್, ಫ್ಲೋರಿಡಾ ಮೊದಲಾದ ರಾಜ್ಯಗಳು ಒಂದು ಒಳ್ಳೆಯ ಪದ್ಧತಿಯನ್ನು ಕಾನೂನಿನಲ್ಲಿಯೇ ಸೇರಿಸಿವೆ. ಹೊಸ ಮೌಲ್ಯಗಳ ಮೇಲೆ ಹಳೆಯಷ್ಟೇ ವರಮಾನ ತರುವ ದರ ಯಾವುದು ಎಂಬುದನ್ನು ಸ್ಥಳೀಯ ಸಂಸ್ಥೆ ಪ್ರಕಟಿಸಬೇಕು. ಅದಕ್ಕಿಂತ ಮೇಲಿನ ದರ ಬೇಕೆಂದರೆ ಅದನ್ನು ತೆರಿಗೆ ಹೆಚ್ಚಳವೆಂದು ಬಹಿರಂಗವಾಗಿ ಒಪ್ಪಿಕೊಂಡು, ಸಾರ್ವಜನಿಕ ಸಭೆ ಕರೆದು ನಿರ್ಧರಿಸಬೇಕು. ಈ ಒಂದು ಸಂಖ್ಯೆ ಪ್ರತಿ ನೋಟಿಸಿನಲ್ಲಿಯೂ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅದಿಲ್ಲದ ನೋಟಿಸು ನಾಗರಿಕನಿಗೆ ಭಯವನ್ನು ಕೊಡುತ್ತದೆಯೇ ಹೊರತು ಮಾಹಿತಿಯನ್ನು ಕೊಡುವುದಿಲ್ಲ.

ಪ್ರಶ್ನೆ: ನಮ್ಮ ಮನೆಗೆ ನಾವು ಒಂದು ಇಟ್ಟಿಗೆಯನ್ನೂ ಸೇರಿಸಿಲ್ಲ. ಮನೆ ಬದಲಾಗದಿದ್ದ ಮೇಲೆ ಮತ್ತೆ ಮತ್ತೆ ಮೌಲ್ಯಮಾಪನ ಏಕೆ? ಒಮ್ಮೆ ನಿಗದಿಯಾದದ್ದನ್ನೇ ಇಟ್ಟುಕೊಂಡು ಪ್ರತಿ ವರ್ಷ ಎಲ್ಲರಿಗೂ ಇಂತಿಷ್ಟು ಶೇಕಡಾ ಏರಿಸಿದರೆ ಸಾಲದೇ?

ಉತ್ತರ: ಮನೆ ಬದಲಾಗಿಲ್ಲ, ಆದರೆ ಅದರ ಸುತ್ತಲಿನ ಊರು ಬದಲಾಗಿದೆ. ಮೇಲಿನ ಮೂರು ಬಡಾವಣೆಗಳನ್ನು ಮತ್ತೊಮ್ಮೆ ನೆನೆಯಿರಿ. ಮರುಮೌಲ್ಯಮಾಪನ ನಡೆಯದೇ ಹೋಗಿದ್ದರೆ ಕಾರ್ಖಾನೆಯ ಹಿಂದಿನವರು 100 ನಾಣ್ಯ ಕಟ್ಟಬೇಕಾದ ಕಡೆ 200 ಕಟ್ಟುತ್ತಲೇ ಇರುತ್ತಿದ್ದರು. ಕೆಲಸ ಕಳೆದುಕೊಂಡು, ಆಸ್ತಿಯ ಬೆಲೆ ಏರುವುದನ್ನೂ ಕಾಣದ ಆ ಜನ, ಮೂರು ಪಟ್ಟು ಬೆಲೆ ಕಂಡ ನಿಲ್ದಾಣದ ಬಡಾವಣೆಯವರ ಪಾಲಿನ 100 ನಾಣ್ಯವನ್ನು ತಾವು ತೆತ್ತಂತಾಗುತ್ತಿತ್ತು. ಅವರಿಗೆ ಯಾವ ನೋಟಿಸೂ ಬರುವುದಿಲ್ಲ, ಆದ್ದರಿಂದ ಯಾರೂ ದೂರುವುದಿಲ್ಲ. ಮೌಲ್ಯಮಾಪನವನ್ನು ಮುಂದೂಡುವುದರಲ್ಲಿ ಆಗುವ ಅನ್ಯಾಯ ಸದ್ದಿಲ್ಲದ್ದು. ನನ್ನನ್ನು ಬಹಳ ಕಾಡುವ ಸಂಗತಿ ಇದೇ.

ಎಲ್ಲರಿಗೂ ಒಂದೇ ಶೇಕಡಾವಾರು ಏರಿಸುವುದರಿಂದ ಇದು ಸರಿಹೋಗುವುದಿಲ್ಲ. ಮೂರೂ ಬಡಾವಣೆಗಳಿಗೆ ಶೇ. 5 ಸೇರಿಸಿದರೆ ಒಟ್ಟು ವರಮಾನ ಹೆಚ್ಚುತ್ತದೆ, ಆದರೆ ಪಾಲುಗಳ ಅನುಪಾತ ಹಳೆಯದೇ ಆಗಿ ಉಳಿಯುತ್ತದೆ, ಅನ್ಯಾಯವೂ ಶೇ. 5ರಷ್ಟು ದೊಡ್ಡದಾಗುತ್ತದೆ. ಫ್ರಾನ್ಸಿನಲ್ಲಿ ವಾಸದ ಮನೆಗಳ ಬಾಡಿಗೆ ಮೌಲ್ಯವನ್ನು 1970ರ ಮಾರುಕಟ್ಟೆಯ ಆಧಾರದ ಮೇಲೆ ನಿಗದಿ ಮಾಡಿ, ಆಮೇಲೆ ದಶಕಗಳ ಕಾಲ ಸಮಾನ ಹೆಚ್ಚಳಗಳ ಮೂಲಕವೇ ಮುಂದಕ್ಕೆ ಸಾಗಿಸಲಾಯಿತು. 1970ರಲ್ಲಿ ಸ್ನಾನಗೃಹ ಮತ್ತು ಕೇಂದ್ರೀಯ ಶಾಖ ವ್ಯವಸ್ಥೆ ಇದ್ದ ಹೊಸ ಕಟ್ಟಡಗಳು ಮೇಲ್ದರ್ಜೆಯವು ಎನಿಸಿಕೊಂಡಿದ್ದವು. ನಗರದ ಹಳೆಯ ಕಟ್ಟಡಗಳು ನಂತರ ನವೀಕರಣಗೊಂಡು ಹೆಚ್ಚು ಬೆಲೆಬಾಳುವಂತಾದರೂ ಕಡತದಲ್ಲಿ ಆ ಹಳೆಯ ಶ್ರೇಣಿಯ ಗುರುತು ಬಹುಕಾಲ ಉಳಿಯಿತು.

ಇಂಗ್ಲೆಂಡಿನ ಕೌನ್ಸಿಲ್ ತೆರಿಗೆ ಇದಕ್ಕಿಂತ ಪ್ರಸಿದ್ಧವಾದ ಉದಾಹರಣೆ. ಆ ತೆರಿಗೆ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ, ಮನೆಗಳನ್ನು 1991ರ ಏಪ್ರಿಲ್ 1ರಂದು ಇದ್ದ ಬೆಲೆಯ ಪ್ರಕಾರ ಎಂಟು ಶ್ರೇಣಿಗಳಲ್ಲಿ ವಿಂಗಡಿಸಲಾಯಿತು. 2007ರಿಂದ ಜಾರಿಗೆ ಬರಬೇಕಾಗಿದ್ದ ಮರುಮೌಲ್ಯಮಾಪನವನ್ನು 2005ರಲ್ಲಿ ಸರ್ಕಾರ ಮುಂದೂಡಿತು. ಹಾಗಾಗಿ ಇಂದು ಕಟ್ಟಿದ ಹೊಸ ಮನೆಯನ್ನೂ ಅಲ್ಲಿ "ಇದು 1991ರಲ್ಲಿ ಇದ್ದಿದ್ದರೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು" ಎಂದು ಊಹಿಸಿ ಶ್ರೇಣಿಗೆ ಸೇರಿಸಬೇಕು. ಪಕ್ಕದ ವೇಲ್ಸ್ ಮಾತ್ರ ಧೈರ್ಯ ಮಾಡಿ 2003ರ ಬೆಲೆಗಳ ಆಧಾರದ ಮೇಲೆ 2005ರಲ್ಲಿ ಹೊಸ ಶ್ರೇಣಿಗಳನ್ನು ಜಾರಿಗೆ ತಂದಿತು. ಆಗ ಸುಮಾರು ಮೂರರಲ್ಲಿ ಒಂದು ಮನೆ ಮೇಲಿನ ಶ್ರೇಣಿಗೆ ಹೋಯಿತು, ಕೆಳಗಿಳಿದವು ಬಹಳ ಕಡಿಮೆ. ಆ ಗದ್ದಲವನ್ನು ನೋಡಿಯೇ ಇಂಗ್ಲೆಂಡಿನ ರಾಜಕಾರಣಿಗಳು ಹಿಂಜರಿದರು ಎಂದು ಭಾವಿಸಲು ಆಸ್ಪದವಿದೆ.

ಜರ್ಮನಿಯಲ್ಲಿ ಇದೇ ವಿಳಂಬ ನ್ಯಾಯಾಲಯದ ಮೆಟ್ಟಿಲೇರಿತು. ಪಶ್ಚಿಮ ಭಾಗದಲ್ಲಿ 1964ರ, ಪೂರ್ವ ಭಾಗದಲ್ಲಿ 1935ರ ಮೌಲ್ಯಗಳ ಮೇಲೆ ತೆರಿಗೆ ವಸೂಲಾಗುತ್ತಿತ್ತು. ಇಷ್ಟು ಹಳೆಯ ಮೌಲ್ಯಗಳಿಂದ ಸಮಾನರ ನಡುವೆ ಅಸಮಾನತೆ ಉಂಟಾಗುತ್ತದೆ, ಇದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2018ರ ಏಪ್ರಿಲ್ 10ರಂದು ತೀರ್ಪು ನೀಡಿತು. 2025ರ ಜನವರಿ 1ರಿಂದ ಹೊಸ ಮೌಲ್ಯಗಳ ಮೇಲಿನ ತೆರಿಗೆ ಆರಂಭವಾಯಿತು. ಐದಾರು ದಶಕಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಆಗಬೇಕಿದ್ದ ಬದಲಾವಣೆ ಒಂದೇ ದಿನ ಬಂದಾಗ ಅದು ಎಷ್ಟು ಮನೆಗಳಿಗೆ ಆಘಾತವಾಗಿರಬೇಕು ಎಂಬುದನ್ನು ನೀವೇ ಯೋಚಿಸಿ.

ಇದಕ್ಕೆ ವಿರುದ್ಧವಾಗಿ ನೆದರ್ಲೆಂಡ್ಸ್ 2007ರಿಂದ ಪ್ರತಿ ವರ್ಷವೂ ಎಲ್ಲ ಮನೆಗಳ ಮೌಲ್ಯವನ್ನು ಹೊಸದಾಗಿ ನಿಗದಿ ಮಾಡುತ್ತಿದೆ. ಹಾಂಗ್‌ಕಾಂಗ್ ಕೂಡ ಹಿಂದಿನ ವರ್ಷದ ಅಕ್ಟೋಬರ್ 1ರ ಬಾಡಿಗೆ ಮೌಲ್ಯವನ್ನು ಆಧಾರವಾಗಿಟ್ಟುಕೊಂಡು ಪ್ರತಿ ಏಪ್ರಿಲ್‌ನಲ್ಲಿ ಹೊಸ ಪಟ್ಟಿಯನ್ನು ಜಾರಿಗೆ ತರುತ್ತದೆ. ಪ್ರತಿ ವರ್ಷ ಬರುವ ನೋಟಿಸು ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ, ಏಕೆಂದರೆ ಒಂದು ವರ್ಷದಲ್ಲಿ ಆಗುವ ವ್ಯತ್ಯಾಸ ಸಣ್ಣದು. ಅಮೆರಿಕದ ಮೇರಿಲ್ಯಾಂಡ್ ನಡುವಿನ ದಾರಿಯೊಂದನ್ನು ಹಿಡಿದಿದೆ: ರಾಜ್ಯದ ಆಸ್ತಿಗಳನ್ನು ಮೂರು ಗುಂಪುಗಳಾಗಿ ಮಾಡಿ ವರ್ಷಕ್ಕೆ ಒಂದು ಗುಂಪಿನಂತೆ ಮೌಲ್ಯಮಾಪನ ನಡೆಸುತ್ತಾರೆ, ಏರಿಕೆಯನ್ನು ಮುಂದಿನ ಮೂರು ವರ್ಷಗಳಿಗೆ ಸಮವಾಗಿ ಹಂಚುತ್ತಾರೆ.

ಪ್ರಶ್ನೆ: ನಮ್ಮ ಮನೆಯ ಹೊಸ್ತಿಲನ್ನೂ ದಾಟದೆ, ಯಾರೋ ಕಚೇರಿಯಲ್ಲಿ ಕುಳಿತು ಇಡೀ ಊರಿನ ಸಾವಿರಾರು ಮನೆಗಳಿಗೆ ಬೆಲೆ ಕಟ್ಟುತ್ತಾರಲ್ಲ, ಇದು ಹೇಗೆ ಸಾಧ್ಯ? ಇದನ್ನು ನಂಬಬಹುದೇ?

ಉತ್ತರ: ಒಂದು ಮನೆಯನ್ನು ಮಾರುವಾಗ ಅಥವಾ ಅದರ ಮೇಲೆ ಸಾಲ ಕೊಡುವಾಗ ಮಾಡುವ ಮೌಲ್ಯಮಾಪನಕ್ಕೂ ತೆರಿಗೆಗಾಗಿ ಮಾಡುವ ಮೌಲ್ಯಮಾಪನಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಸಾಮೂಹಿಕ ಮೌಲ್ಯಮಾಪನ ಎನ್ನಬಹುದು. ಮೊದಲಿಗೆ ಒಂದು ದಿನಾಂಕವನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಊರಿನ ಪ್ರತಿಯೊಂದು ಆಸ್ತಿಯ ಬೆಲೆಯೂ ಆ ಒಂದು ದಿನದ್ದೇ ಆಗಿರಬೇಕು. ನಿಮ್ಮ ಮನೆಗೆ ಬೇಸಿಗೆಯ ಬೆಲೆ, ನೆರೆಮನೆಗೆ ಮುಂದಿನ ವರ್ಷದ ಬೆಲೆ ಎಂದಾದರೆ ಹೋಲಿಕೆಗೆ ಅರ್ಥವಿಲ್ಲ. ನಂತರ ಆ ದಿನಾಂಕದ ಆಸುಪಾಸಿನಲ್ಲಿ ನೋಂದಣಿಯಾದ ಮಾರಾಟಗಳನ್ನು ಕಲೆಹಾಕುತ್ತಾರೆ. ಅವುಗಳಲ್ಲಿ ಎಲ್ಲವೂ ಲೆಕ್ಕಕ್ಕೆ ಬರುವುದಿಲ್ಲ. ತಂದೆ ಮಗನಿಗೆ ಮಾಡಿಕೊಟ್ಟ ಕ್ರಯ, ಸಾಲ ತೀರಿಸಲಾಗದೆ ಹರಾಜಿಗೆ ಹೋದ ಮನೆ, ತುರ್ತಾಗಿ ಊರು ಬಿಡಬೇಕಾದವರು ಸಿಕ್ಕಿದಷ್ಟಕ್ಕೆ ಮಾರಿದ ಮನೆ, ಇಂಥವುಗಳ ಬೆಲೆ ಮಾರುಕಟ್ಟೆಯ ಬೆಲೆಯಲ್ಲವಾದ್ದರಿಂದ ಅವನ್ನು ತೆಗೆದುಹಾಕುತ್ತಾರೆ. ಕ್ರಯಪತ್ರದಲ್ಲಿ ನಿಜವಾದ ಮೊತ್ತಕ್ಕಿಂತ ಕಡಿಮೆ ಬರೆಸುವ ಚಾಳಿ ಇರುವ ಕಡೆ ಈ ಹಂತದಲ್ಲಿಯೇ ಇಡೀ ಕೆಲಸಕ್ಕೆ ಪೆಟ್ಟು ಬೀಳುತ್ತದೆ. ಸುಳ್ಳು ಬೆಲೆಗಳಿಂದ ನಿಜವಾದ ಮೌಲ್ಯವನ್ನು ಯಾವ ಗಣಿತವೂ ಹೊರತೆಗೆಯಲಾರದು.

ಉಳಿದ ಮಾರಾಟಗಳಿಂದ ನಿವೇಶನದ ವಿಸ್ತೀರ್ಣ, ಕಟ್ಟಡದ ಅಳತೆ, ಕಟ್ಟಿದ ವರ್ಷ, ಬಳಸಿದ ಸಾಮಗ್ರಿ, ರಸ್ತೆಯ ಅಗಲ, ನೆರೆಹೊರೆ ಇವುಗಳಿಗೆ ಕೊಳ್ಳುವವರು ಎಷ್ಟೆಷ್ಟು ಕೊಟ್ಟಿದ್ದಾರೆ ಎಂಬುದನ್ನು ಲೆಕ್ಕ ಹಾಕಿ, ಮಾರಾಟವಾಗದ ಮನೆಗಳಿಗೂ ಅದೇ ಅಳತೆಗೋಲನ್ನು ಅನ್ವಯಿಸುತ್ತಾರೆ. ಮಾರಾಟಗಳೇ ಅಪರೂಪವಾದ ಕಟ್ಟಡಗಳಿಗೆ ಬೇರೆ ದಾರಿಗಳಿವೆ. ಅಂಗಡಿ, ಕಚೇರಿಗಳಂಥ ಬಾಡಿಗೆಯ ಕಟ್ಟಡಗಳಿಗೆ ಅವು ತರುವ ವರಮಾನದಿಂದ ಮೌಲ್ಯ ಕಟ್ಟುತ್ತಾರೆ. ಕಾರ್ಖಾನೆಯಂಥ ವಿಶೇಷ ಕಟ್ಟಡಕ್ಕೆ, ಅದನ್ನು ಇಂದು ಹೊಸದಾಗಿ ಕಟ್ಟಲು ತಗಲುವ ವೆಚ್ಚದಿಂದ ಸವಕಳಿಯನ್ನು ಕಳೆದು, ಬಂದ ಮೊತ್ತಕ್ಕೆ ನೆಲದ ಬೆಲೆಯನ್ನು ಸೇರಿಸುತ್ತಾರೆ.

ಎಲ್ಲ ದೇಶಗಳಲ್ಲೂ ಮಾರಾಟ ಬೆಲೆಯೇ ಆಧಾರವಲ್ಲ. ಭಾರತದ ನಗರಗಳಲ್ಲಿ ಬಹುಕಾಲ ವಾರ್ಷಿಕ ಬಾಡಿಗೆ ಮೌಲ್ಯವೇ ಆಧಾರವಾಗಿತ್ತು. ಬಾಡಿಗೆ ನಿಯಂತ್ರಣ ಕಾನೂನು ನಿಗದಿ ಮಾಡಿದ ಬಾಡಿಗೆಗಿಂತ ಹೆಚ್ಚಿನ ಮೌಲ್ಯ ಕಟ್ಟಲು ಅವಕಾಶವಿಲ್ಲದೆ ಅದು ಅನೇಕ ಕಡೆ ನಿಂತ ನೀರಾಯಿತು. 1993ರಲ್ಲಿ ಪಟ್ನಾ, 2004ರಲ್ಲಿ ದೆಹಲಿ ಚದರ ಅಳತೆಗೆ ಇಂತಿಷ್ಟು ಎಂದು ವಲಯವಾರು ಮೌಲ್ಯ ಗೊತ್ತು ಮಾಡುವ ಪದ್ಧತಿಗೆ ಬದಲಾದವು. 2010ರಲ್ಲಿ ಮುಂಬೈ ಬಂಡವಾಳ ಮೌಲ್ಯದ, ಅಂದರೆ ಆಸ್ತಿಯ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿಟ್ಟುಕೊಂಡ ಪದ್ಧತಿಯನ್ನು ಹಿಡಿಯಿತು. ಆಧಾರ ಯಾವುದೇ ಆಗಿರಲಿ, ಅದನ್ನು ಕಾಲಕಾಲಕ್ಕೆ ಪರಿಷ್ಕರಿಸದಿದ್ದರೆ ಮತ್ತೆ ಅದೇ ತೊಡಕು ತಲೆದೋರುತ್ತದೆ.

ನಂಬಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಪರೀಕ್ಷೆಯಲ್ಲಿದೆ. ಕಟ್ಟಿದ ಮೌಲ್ಯವನ್ನು ನಿಜವಾದ ಮಾರಾಟ ಬೆಲೆಯಿಂದ ಭಾಗಿಸಿದರೆ ಒಂದು ಅನುಪಾತ ಬರುತ್ತದೆ. ಮಾರಾಟವಾದ ಎಲ್ಲ ಮನೆಗಳ ಅನುಪಾತಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ತೆಗೆದುಕೊಂಡಾಗ ಅದು 0.90ರಿಂದ 1.10ರ ಒಳಗೆ ಇರಬೇಕು ಎಂಬುದು ಮೌಲ್ಯಮಾಪನ ಅಧಿಕಾರಿಗಳ ಅಂತಾರಾಷ್ಟ್ರೀಯ ಸಂಘ ಪೂರ್ಣ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿಟ್ಟುಕೊಂಡ ಕಡೆಗಳಿಗೆ ಹಾಕಿಕೊಟ್ಟ ಮಾನದಂಡ. ನಡುವಿನ ಅನುಪಾತ ಸರಿಯಿದ್ದರೆ ಸಾಲದು, ಬಿಡಿ ಬಿಡಿ ಅನುಪಾತಗಳು ಅದರ ಸುತ್ತ ಹತ್ತಿರ ಹತ್ತಿರ ಇರಬೇಕು. ಅರ್ಧ ಊರಿಗೆ 0.5, ಇನ್ನರ್ಧಕ್ಕೆ 1.5 ಎಂದಿದ್ದರೆ ಸರಾಸರಿ 1 ಎಂದು ಸಮಾಧಾನ ಪಡುವಂತಿಲ್ಲ.

ಪ್ರಶ್ನೆ: ದೊಡ್ಡ ಬಂಗಲೆಗಳಿಗೆ ಕಡಿಮೆ, ಸಣ್ಣ ಮನೆಗಳಿಗೆ ಹೆಚ್ಚು ಮೌಲ್ಯ ಕಟ್ಟುತ್ತಾರೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಇದು ಬರೀ ಅಸೂಯೆಯ ಮಾತೇ?

ಉತ್ತರ: ಅಸೂಯೆಯ ಮಾತಲ್ಲ, ಅಳೆದು ನೋಡಬಹುದಾದ ದೋಷ. 100 ನಾಣ್ಯಕ್ಕೆ ಮಾರಾಟವಾದ ಸಣ್ಣ ಮನೆಗೆ 110 ಎಂದೂ, 900ಕ್ಕೆ ಮಾರಾಟವಾದ ಬಂಗಲೆಗೆ 720 ಎಂದೂ ಮೌಲ್ಯ ಕಟ್ಟಿದ್ದಾರೆ ಎನ್ನೋಣ. ಅನುಪಾತಗಳು 1.10 ಮತ್ತು 0.80, ಅವುಗಳ ಸರಾಸರಿ 0.95. ಆದರೆ ಒಟ್ಟು ಮೌಲ್ಯವಾದ 830ನ್ನು ಒಟ್ಟು ಬೆಲೆಯಾದ 1,000ದಿಂದ ಭಾಗಿಸಿದರೆ 0.83 ಮಾತ್ರ. 0.95ನ್ನು 0.83ರಿಂದ ಭಾಗಿಸಿದಾಗ ಸುಮಾರು 1.14 ಬರುತ್ತದೆ. ಅದೇ ಸಂಘದ ಮಾನದಂಡದ ಪ್ರಕಾರ ಈ ಸಂಖ್ಯೆ 0.98ರಿಂದ 1.03ರ ನಡುವೆ ಇರಬೇಕು. ಅದಕ್ಕಿಂತ ಮೇಲಿದ್ದರೆ ಸಣ್ಣವರ ಹೆಗಲ ಮೇಲೆ ದೊಡ್ಡವರ ಹೊರೆ ಕುಳಿತಿದೆ ಎಂದರ್ಥ.

ಇದಕ್ಕೆ ಮೌಲ್ಯಮಾಪಕರ ಪಕ್ಷಪಾತವೇ ಕಾರಣವಾಗಿರಬೇಕೆಂದಿಲ್ಲ. ಬಂಗಲೆಯ ಒಳಗಿನ ಸೊಗಸು, ಕಿಟಕಿಯಿಂದ ಕಾಣುವ ನೋಟ, ಸಾಗುವಾನಿಯ ಕೆತ್ತನೆ, ಇವು ಕಚೇರಿಯ ನಮೂನೆಯಲ್ಲಿ ದಾಖಲಾಗುವುದಿಲ್ಲ. ಅಷ್ಟರಮಟ್ಟಿಗೆ ಬಂಗಲೆಯ ಮೌಲ್ಯ ಕುಗ್ಗುತ್ತದೆ. ಅದೇ ರೀತಿ ಸಣ್ಣ ಮನೆಯ ಸೋರುವ ಮಾಡು, ಬಿರುಕುಬಿಟ್ಟ ಗೋಡೆ ಕೂಡ ದಾಖಲಾಗದೆ ಅದರ ಮೌಲ್ಯ ಉಬ್ಬುತ್ತದೆ. ಇದರ ಮೇಲೆ ಮೇಲ್ಮನವಿಯ ಪರಿಣಾಮವೂ ಸೇರುತ್ತದೆ: ವಕೀಲರನ್ನು ಇಡಬಲ್ಲವರು ಆಕ್ಷೇಪಿಸಿ ಇಳಿಸಿಕೊಳ್ಳುತ್ತಾರೆ, ದಿನಗೂಲಿ ಬಿಟ್ಟು ಬರಲಾಗದವರು ಸುಮ್ಮನಿರುತ್ತಾರೆ. ಶಿಕಾಗೊ ನಗರ ಸೇರಿರುವ ಕುಕ್ ಕೌಂಟಿಯಲ್ಲಿ ಈ ಎರಡೂ ಕೂಡಿ ಬಡ ಬಡಾವಣೆಗಳ ಮೇಲೆ ಹೆಚ್ಚಿನ ಹೊರೆ ಬಿದ್ದಿರುವುದನ್ನು 2017ರಲ್ಲಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯ ತನಿಖೆ ಬಯಲಿಗೆಳೆಯಿತು. ನಿಮ್ಮ ಸ್ಥಳೀಯ ಸಂಸ್ಥೆ ಇಂಥ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸುತ್ತದೆಯೇ ಎಂದು ವಿಚಾರಿಸುವುದು ಪ್ರತಿಯೊಬ್ಬ ತೆರಿಗೆದಾರನ ಹಕ್ಕು.

ಪ್ರಶ್ನೆ: ನಮ್ಮದೂ ನೆರೆಯವರದೂ ಒಂದೇ ಅಳತೆಯ, ಒಂದೇ ವರ್ಷ ಕಟ್ಟಿದ ಮನೆಗಳು. ಅವರಿಗೆ ನಮಗಿಂತ ಬಹಳ ಕಡಿಮೆ ತೆರಿಗೆ ಬರುತ್ತದೆ. ಇದು ತಪ್ಪಲ್ಲವೇ?

ಉತ್ತರ: ತಪ್ಪಿರಬಹುದು, ಕಾನೂನೇ ಹಾಗಿರಲೂಬಹುದು. ನೆರೆಯವರಿಗೆ ಹಿರಿಯ ನಾಗರಿಕರ, ಮಾಜಿ ಸೈನಿಕರ ಅಥವಾ ಅಂಗವಿಕಲರ ವಿನಾಯಿತಿ ಇರಬಹುದು. ನಿಮ್ಮ ಕಡತದಲ್ಲಿ ಇಲ್ಲದ ಕೋಣೆಯೊಂದು ನಮೂದಾಗಿರಬಹುದು. ಆದ್ದರಿಂದ ತೆರಿಗೆಯ ಮೊತ್ತವನ್ನು ಹೋಲಿಸುವ ಮೊದಲು ಇಬ್ಬರ ಮೌಲ್ಯವನ್ನು ಹೋಲಿಸಿ ನೋಡಿ.

ಕೆಲವು ಕಡೆ ಕಾನೂನೇ ಇಂಥ ವ್ಯತ್ಯಾಸವನ್ನು ಹುಟ್ಟುಹಾಕುತ್ತದೆ. ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ ಅಂಗೀಕರಿಸಿದ 13ನೆಯ ಪ್ರಸ್ತಾವದ ಪ್ರಕಾರ, ಆಸ್ತಿ ಕೈ ಬದಲಾಗುವವರೆಗೆ ಅಥವಾ ಹೊಸದಾಗಿ ಏನಾದರೂ ಕಟ್ಟುವವರೆಗೆ ಅದರ ತೆರಿಗೆ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹೀಗಾಗಿ ಹಳೆಯ ಮಾಲೀಕ ಮತ್ತು ಹೊಸದಾಗಿ ಕೊಂಡವರು ಒಂದೇ ಬೀದಿಯಲ್ಲಿ ಒಂದೇ ಬಗೆಯ ಮನೆಗೆ ಹಲವು ಪಟ್ಟು ವ್ಯತ್ಯಾಸದ ತೆರಿಗೆ ಕಟ್ಟುತ್ತಾರೆ. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹಳೆಯ ಮಾಲೀಕರಿಗೆ ನೆಮ್ಮದಿ ಸಿಕ್ಕಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನೆಮ್ಮದಿಯ ಬೆಲೆಯನ್ನು ಮೊದಲ ಮನೆ ಕೊಳ್ಳುವ ಕಿರಿಯರು ತೆರುತ್ತಿದ್ದಾರೆ.

ಪ್ರಶ್ನೆ: ಮನೆ ರಿಪೇರಿ ಮಾಡಿಸಿ ಚೆನ್ನಾಗಿಟ್ಟುಕೊಂಡರೆ ಮೌಲ್ಯ ಏರಿ ತೆರಿಗೆ ಹೆಚ್ಚುತ್ತದಂತೆ. ಹಾಗಾದರೆ ಪಾಳುಬಿಡುವುದೇ ಲಾಭವೇ?

ಉತ್ತರ: ಸುಣ್ಣಬಣ್ಣ, ಹೆಂಚು ಬದಲಾವಣೆಯಂಥ ಸಾಮಾನ್ಯ ದುರಸ್ತಿಗಳಿಂದ ಸಾಮಾನ್ಯವಾಗಿ ಮೌಲ್ಯ ಏರುವುದಿಲ್ಲ, ಕೋಣೆ ಅಥವಾ ಮಹಡಿ ಸೇರಿಸಿದರೆ ಏರುತ್ತದೆ. ಆದರೂ ನಿಮ್ಮ ಆತಂಕಕ್ಕೆ ಆಧಾರವಿದೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಸಂಖ್ಯೆಯ ಮೇಲೆ ತೆರಿಗೆ ಇತ್ತು. ಅದನ್ನು ತಪ್ಪಿಸಿಕೊಳ್ಳಲು ಜನ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿ ಗಾಳಿಬೆಳಕನ್ನು ಕಳೆದುಕೊಂಡರು. ಯಾವುದನ್ನು ಅಳೆದು ತೆರಿಗೆ ಹಾಕುತ್ತೇವೆಯೋ ಅದನ್ನು ಜನ ಕಡಿಮೆ ಮಾಡಿಕೊಳ್ಳುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸ್ಥಳೀಯ ತೆರಿಗೆಗೆ ಕಟ್ಟಡವನ್ನು ಬಿಟ್ಟು ನೆಲದ ಮೌಲ್ಯವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುವುದು ಈ ತೊಡಕಿನಿಂದ ಪಾರಾಗುವ ಒಂದು ದಾರಿ. ಅಲ್ಲಿ ಕಟ್ಟಿದವನಿಗೂ ಖಾಲಿ ಬಿಟ್ಟವನಿಗೂ ನೆಲದ ಲೆಕ್ಕ ಒಂದೇ.

ಪ್ರಶ್ನೆ: ನಾನು ಪಿಂಚಣಿಯಲ್ಲಿ ಬದುಕುವ ವಿಧವೆ. ನಲವತ್ತು ವರ್ಷದಿಂದ ಇದೇ ಮನೆಯಲ್ಲಿದ್ದೇನೆ. ಮನೆಯ ಬೆಲೆ ಏರಿದೆ ಎನ್ನುತ್ತಾರೆ, ಆದರೆ ನನ್ನ ಕೈಗೆ ಒಂದು ಕಾಸೂ ಹೆಚ್ಚಾಗಿ ಬಂದಿಲ್ಲ. ಮಾರುವ ಮನಸ್ಸಿಲ್ಲದವಳು ಮಾರುವ ಬೆಲೆಯ ಮೇಲೆ ಏಕೆ ತೆರಿಗೆ ಕಟ್ಟಬೇಕು?

ಉತ್ತರ: ಅಮ್ಮಾ, ಮರುಮೌಲ್ಯಮಾಪನವನ್ನು ಇಷ್ಟು ಹೊತ್ತು ಸಮರ್ಥಿಸಿದ ನಾನು ನಿಮ್ಮ ಪ್ರಶ್ನೆಯ ಮುಂದೆ ತಡೆದು ನಿಲ್ಲಬೇಕಾಗಿದೆ. ಆಸ್ತಿಯ ಮೌಲ್ಯ ಮನುಷ್ಯನ ಕೈಯಲ್ಲಿರುವ ಹಣವಲ್ಲ ಎಂಬುದು ಸತ್ಯ. ಆದರೆ ಇದಕ್ಕೆ ಪರಿಹಾರ ನಿಮ್ಮ ಮನೆಯ ಮೌಲ್ಯವನ್ನು ತಪ್ಪಾಗಿ ಬರೆಯುವುದಲ್ಲ. ಹಾಗೆ ಮಾಡಿದರೆ ಅದೇ ಬೀದಿಯ ಸಿರಿವಂತರಿಗೂ ಅದೇ ರಿಯಾಯಿತಿ ಸಿಗುತ್ತದೆ. ಮೌಲ್ಯವನ್ನು ಸರಿಯಾಗಿಯೇ ಕಟ್ಟಿ, ನಂತರ ವರಮಾನ ಕಡಿಮೆ ಇರುವವರಿಗೆ ತೆರಿಗೆಯಲ್ಲಿ ನೇರವಾಗಿ ನೆರವಾಗುವುದು ನ್ಯಾಯದ ದಾರಿ.

ಅದಕ್ಕೆ ಎರಡು ಪದ್ಧತಿಗಳು ರೂಢಿಯಲ್ಲಿವೆ. ಒಂದು, ಮನೆಯ ವರಮಾನದ ಇಂತಿಷ್ಟು ಪಾಲನ್ನು ಮೀರಿದ ತೆರಿಗೆಯನ್ನು ಸರ್ಕಾರವೇ ಭರಿಸುವುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲಿ ಇದನ್ನು ಮೊದಲು ಆರಂಭಿಸಿತು, ಆಮೇಲೆ ಬೇರೆ ರಾಜ್ಯಗಳೂ ಅನುಸರಿಸಿದವು. ಇನ್ನೊಂದು, ತೆರಿಗೆಯನ್ನು ಮುಂದೂಡುವುದು: ಬಾಕಿ ಮೊತ್ತ ಬಡ್ಡಿಯೊಂದಿಗೆ ಮನೆಯ ಮೇಲೆ ಉಳಿಯುತ್ತದೆ, ಮನೆ ಮಾರಾಟವಾದಾಗ ಅಥವಾ ವಾರಸುದಾರರಿಗೆ ಹೋದಾಗ ತೀರುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ವರ್ಷ ದಾಟಿದವರಿಗೆ, ಐರ್ಲೆಂಡಿನಲ್ಲಿ ಕಡಿಮೆ ವರಮಾನದವರಿಗೆ ಈ ಅವಕಾಶವಿದೆ. ನಿಮ್ಮಲ್ಲಿ ಇಂಥ ವ್ಯವಸ್ಥೆ ಇದ್ದರೆ ಅದು ಬಹುತೇಕ ಅರ್ಜಿ ಸಲ್ಲಿಸಿದವರಿಗೆ ಮಾತ್ರ ಸಿಗುತ್ತದೆ, ತಾನಾಗಿ ಬರುವುದಿಲ್ಲ. ದಯವಿಟ್ಟು ಕಚೇರಿಯಲ್ಲಿ ಕೇಳಿ ನೋಡಿ. ಇಂಥ ವ್ಯವಸ್ಥೆಯನ್ನೇ ಮಾಡದೆ ಮರುಮೌಲ್ಯಮಾಪನಕ್ಕೆ ಕೈಹಾಕುವ ಸ್ಥಳೀಯ ಸಂಸ್ಥೆ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಪ್ರಶ್ನೆ: ನೋಟಿಸಿನಲ್ಲಿರುವ ಮೌಲ್ಯ ಮಾರುಕಟ್ಟೆ ಬೆಲೆಗಿಂತ ಬಹಳ ಕಡಿಮೆ ಇದೆ. ಮಾರುವಾಗ ಇದರಿಂದ ನಷ್ಟವಾದೀತೇ?

ಉತ್ತರ: ಆಗುವುದಿಲ್ಲ. ಕೆಲವು ಕಡೆ ಕಾನೂನೇ ಮಾರುಕಟ್ಟೆ ಬೆಲೆಯ ಒಂದು ಭಾಗವನ್ನು ಮಾತ್ರ ತೆರಿಗೆಗೆ ಒಳಪಡಿಸುತ್ತದೆ. ಕೊಳ್ಳುವವರು ಮನೆಯನ್ನು ನೋಡಿ ಬೆಲೆ ಕೊಡುತ್ತಾರೆ, ತೆರಿಗೆ ನೋಟಿಸನ್ನು ನೋಡಿ ಅಲ್ಲ.

ಪ್ರಶ್ನೆ: ಮೌಲ್ಯ ತಪ್ಪಾಗಿದೆ ಎಂದು ನನಗೆ ಖಚಿತವಾಗಿದೆ. ಆಕ್ಷೇಪಣೆ ಸಲ್ಲಿಸುವುದು ಹೇಗೆ? ವಕೀಲರು ಬೇಕೇ?

ಉತ್ತರ: ವಾಸದ ಮನೆಗೆ ಹೆಚ್ಚಾಗಿ ಬೇಕಾಗುವುದಿಲ್ಲ. ಮೊದಲು ನೋಟಿಸಿನಲ್ಲಿರುವ ಕೊನೆಯ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಎಷ್ಟೇ ಗಟ್ಟಿಯಾದ ಆಕ್ಷೇಪಣೆಯೂ ಗಡುವು ಮೀರಿದರೆ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ನಂತರ ನಿಮ್ಮ ಆಸ್ತಿಯ ಕಡತದ ಪ್ರತಿಯನ್ನು ಕೇಳಿ ಪಡೆಯಿರಿ. ಮೌಲ್ಯದ ಬಗ್ಗೆ ವಾದ ಮಾಡುವುದಕ್ಕಿಂತ ವಿವರದ ತಪ್ಪನ್ನು ತೋರಿಸುವುದು ಹೆಚ್ಚು ಸುಲಭ ಮತ್ತು ಹೆಚ್ಚು ಫಲಕಾರಿ. ವಿಸ್ತೀರ್ಣವನ್ನು ಟೇಪು ಹಿಡಿದು ನೀವೇ ಅಳೆಯಿರಿ. ಕೋಣೆಗಳ ಸಂಖ್ಯೆ, ಕಟ್ಟಿದ ವರ್ಷ, ಮಾಡಿನ ಬಗೆ, ಸ್ವಂತ ವಾಸವೋ ಬಾಡಿಗೆಯೋ ಎಂಬ ನಮೂದು, ಕೆಡವಿಹಾಕಿದ ಕೊಟ್ಟಿಗೆ ಇನ್ನೂ ಲೆಕ್ಕದಲ್ಲಿದೆಯೇ ಎಂಬುದು, ಎಲ್ಲವನ್ನೂ ಒಂದೊಂದಾಗಿ ಪರಿಶೀಲಿಸಿ. ಇಂಥ ತಪ್ಪು ಸಿಕ್ಕಿದರೆ ಅನೇಕ ಸಲ ವಿಚಾರಣೆಯವರೆಗೆ ಹೋಗದೆ, ಕಚೇರಿಯಲ್ಲಿ ಒಂದು ಪತ್ರ ಕೊಟ್ಟೇ ಸರಿಪಡಿಸಿಕೊಳ್ಳಬಹುದು.

ವಿವರಗಳೆಲ್ಲ ಸರಿಯಿದ್ದೂ ಮೌಲ್ಯ ಹೆಚ್ಚೆನಿಸಿದರೆ, ಮೌಲ್ಯಮಾಪನದ ದಿನಾಂಕದ ಆಸುಪಾಸಿನಲ್ಲಿ ನಿಮ್ಮ ಬಡಾವಣೆಯಲ್ಲಿಯೇ ಮಾರಾಟವಾದ, ನಿಮ್ಮದನ್ನು ಹೋಲುವ ಮೂರು ನಾಲ್ಕು ಮನೆಗಳ ಬೆಲೆಯನ್ನು ಸಂಗ್ರಹಿಸಿ. ನೆದರ್ಲೆಂಡ್ಸ್‌ನಲ್ಲಿ ಮನೆಗಳ ತೆರಿಗೆ ಮೌಲ್ಯ ಎಲ್ಲರಿಗೂ ನೋಡಲು ಸಿಗುವಂತೆ ಅಂತರ್ಜಾಲದಲ್ಲಿಯೇ ಇದೆ. ಬೇರೆಡೆ ನೋಂದಣಿ ಕಚೇರಿಯಲ್ಲಿ ವಿಚಾರಿಸಬೇಕಾಗಬಹುದು. ನಂತರದ ತಿಂಗಳುಗಳಲ್ಲಿ ಬೆಲೆ ಕುಸಿದಿದೆ ಎಂಬ ವಾದ ನಿಲ್ಲುವುದಿಲ್ಲ, ಗೊತ್ತುಮಾಡಿದ ದಿನದ ಬೆಲೆಯೇ ಮುಖ್ಯ. ತೆರಿಗೆ ಕಟ್ಟಲು ಕಷ್ಟವಾಗುತ್ತದೆ ಎಂಬ ಮಾತೂ ಈ ವೇದಿಕೆಯಲ್ಲಿ ಸಲ್ಲದು. ಅದಕ್ಕೆ ಮೇಲೆ ಹೇಳಿದ ರಿಯಾಯಿತಿಯ ಅರ್ಜಿಯೇ ಸರಿಯಾದ ಜಾಗ. ಸೋರುವ ಮಾಡು, ಕುಸಿದ ಅಡಿಪಾಯ ಇದ್ದರೆ ದಿನಾಂಕ ಸಹಿತ ಛಾಯಾಚಿತ್ರ ಮತ್ತು ದುರಸ್ತಿಯ ಅಂದಾಜು ಪಟ್ಟಿಯನ್ನು ಜೊತೆಗಿಡಿ.

ಮೊದಲ ಹಂತದಲ್ಲಿ ಮೌಲ್ಯಮಾಪಕರ ಕಚೇರಿಯೇ ಮರುಪರಿಶೀಲಿಸುತ್ತದೆ. ಅಲ್ಲಿ ಒಪ್ಪಿಗೆಯಾಗದಿದ್ದರೆ ಪ್ರತ್ಯೇಕ ಮಂಡಳಿ ಅಥವಾ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಕೆಲವು ಕಡೆ ಮೇಲ್ಮನವಿಯಲ್ಲಿ ಮೌಲ್ಯವನ್ನು ಏರಿಸುವ ಅಧಿಕಾರವೂ ಮಂಡಳಿಗೆ ಇರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಮೇಲ್ಮನವಿ ಬಾಕಿ ಇದೆ ಎಂದು ತೆರಿಗೆ ಕಟ್ಟುವುದನ್ನು ನಿಲ್ಲಿಸಬೇಡಿ. ದಂಡ, ಬಡ್ಡಿ ಬೆಳೆಯುತ್ತವೆ. ಬಂದ ನೋಟಿಸಿನಂತೆ ಕಟ್ಟಿ, ರಸೀದಿಯ ಮೇಲೆ ಅಥವಾ ಜೊತೆಗಿನ ಪತ್ರದಲ್ಲಿ "ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದೆ" ಎಂದು ನಮೂದಿಸಿ ಪ್ರತಿಯನ್ನು ಇಟ್ಟುಕೊಳ್ಳಿ. ತೀರ್ಪು ನಿಮ್ಮ ಪರವಾಗಿ ಬಂದಾಗ ಹೆಚ್ಚುವರಿ ಮೊತ್ತವನ್ನು ಹಿಂದಕ್ಕೆ ಕೇಳಲು ಅಥವಾ ಮುಂದಿನ ಕಂತಿಗೆ ಹೊಂದಿಸಿಕೊಳ್ಳಲು ಆ ಪ್ರತಿ ಬೇಕಾಗುತ್ತದೆ.